ಭಾವನ ಗಂಟಲಿನ ಕಲ್ಲು

ಗಡಿಯಾರ ರಿಪೇರಿ ಮಾಡುವವರಿಗೆ ಒಂದು ಕೆಟ್ಟ ಚಾಳಿ. ಕೆಟ್ಟಿದ್ದು ಏನೇ ಇರಲಿ, ತಾವೇ ಬಿಚ್ಚಿ ನೋಡಬೇಕು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮನೆಯ ಮಿಕ್ಸರ್ ಬಿಚ್ಚಿದ್ದಾರೆ, ನನ್ನ ಹೊಲಿಗೆ ಯಂತ್ರ ಬಿಚ್ಚಿದ್ದಾರೆ, ಒಮ್ಮೆ ಬಾಗಿಲ ಬೀಗ ಬಿಚ್ಚಿ ನಮ್ಮನ್ನೆಲ್ಲ ಸಂಜೆಯವರೆಗೆ ಬೀದಿಯಲ್ಲಿ ನಿಲ್ಲಿಸಿದ್ದಾರೆ. ಕೊನೆಗೆ ತಮ್ಮ ಗಂಟಲಿಗೇ ಕೈ ಹಾಕಿದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ನಮ್ಮದು ಒಂದೇ ಅಂಗಡಿ, ಕಸುಬು ಮಾತ್ರ ಬೇರೆ ಬೇರೆ. ಒಂದು ಮೂಲೆಯಲ್ಲಿ ಅವರ ಮೇಜು, ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ. ಬಿಚ್ಚಿದ ಗಡಿಯಾರದ ಮೇಲೆ ಭಾವ ಉಸಿರು ಬಿಡುವುದಿಲ್ಲ. ಉಸಿರಿನ ತೇವಕ್ಕೆ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದಂತೆ. ಹಾಗಾಗಿ ಮಾತಾಡುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಾರೆ. "ಗೋಡೆಗೇ ಹೇಳಿ ಭಾವ, ಅದಾದ್ರೂ ನಿಮ್ಮ ಮಾತು ಕೇಳುತ್ತೆ" ಎಂದು ನಾನು ಛೇಡಿಸುತ್ತಿದ್ದೆ. ಹೀಗಾಗಿ, ಮೇಜಿನ ಮೇಲೆ ಗಡಿಯಾರ ಇಲ್ಲದಾಗಲೂ ಅವರು ಮುಖ ತಿರುಗಿಸತೊಡಗಿದ್ದು ನನ್ನ ಗಮನಕ್ಕೆ ಬರಲಿಲ್ಲ.

ಅಕ್ಕನ ಗಮನಕ್ಕೆ ಬಂತು. ಅವಳು ಅದೇ ಬೀದಿಯ ಬೇಕರಿಯಲ್ಲಿ ಹಿಟ್ಟು ನಾದುವವಳು. ಒಂದು ದಿನ ಕೆಲಸದ ನಡುವೆ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಇವರು ನನ್ನ ಜೊತೆ ಕೂತು ಊಟ ಮಾಡಲ್ಲ ಕಣೇ. ಆ ಕಡೆ ತಿರುಗಿ ಮಲಗ್ತಾರೆ. ಹತ್ರ ಹೋದ್ರೆ ಎದ್ದೇ ಹೋಗ್ತಾರೆ. ನಾನು ಅಷ್ಟು ಬೇಡವಾಗಿಬಿಟ್ನಾ?"

ಪಿಸುಮಾತಿನಲ್ಲೇ ಹೇಳಿದಳು. ಆದರೆ ಅಂಗಡಿ ಅಂಗೈಯಗಲ, ಭಾವನಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ಅವರು ತಲೆ ಎತ್ತಲಿಲ್ಲ. ಎಂಥ ಕಲ್ಲುಮನಸ್ಸು ಅಂದುಕೊಂಡೆ.

ಅವರನ್ನು ಒಳಗೊಳಗೇ ಕೊರೆಯುತ್ತಿದ್ದುದು ಬೇರೆಯೇ ಎಂದು ಆಮೇಲೆ ತಿಳಿಯಿತು. ಎಷ್ಟು ಹಲ್ಲುಜ್ಜಿದರೂ ಹೋಗದ ಬಾಯಿ ವಾಸನೆ. ನುಂಗಿದಾಗಲೆಲ್ಲ ಒಂದು ಪಕ್ಕದಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಕನ್ನಡಿಯ ಮುಂದೆ ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿದರೆ, ಕಿರುನಾಲಿಗೆಯ ಪಕ್ಕದಲ್ಲಿ ಹಳದಿ ಬಿಳುಪಿನ ಗಂಟು. ಅವರ ಅಣ್ಣ ತೀರಿಕೊಂಡಿದ್ದು ಗಂಟಲ ಕ್ಯಾನ್ಸರ್‌ನಿಂದ. ಅಣ್ಣನ ಹಾಸಿಗೆಯ ಪಕ್ಕ ಕೂತವರು ಇವರೇ, ಆ ವಾಸನೆ ಇವರಿಗೆ ಗೊತ್ತು. ತನಗೂ ಅದೇ ಬಂತು ಎಂದು ತೀರ್ಮಾನಿಸಿಬಿಟ್ಟರು. ಡಾಕ್ಟರ ಹತ್ತಿರ ಹೋದರೆ ಅವರು ರೋಗದ ಹೆಸರು ಹೇಳುತ್ತಾರೆ, ಹೆಸರು ಗೊತ್ತಾದ ಮೇಲೆ ಹೆಂಡತಿಗೆ ಹೇಳಲೇಬೇಕು. ಹೇಳುವ ಧೈರ್ಯ ಇರಲಿಲ್ಲ. ಹೇಗೂ ಕೈಯಲ್ಲಿ ಚಿಮುಟ ಇದೆ, ತಾವೇ ಕಿತ್ತು ಹಾಕಿದರಾಯಿತು!

ಅವತ್ತು ಊಟಕ್ಕೆಂದು ಹೊರಟವಳು ಪರ್ಸ್ ಮರೆತು ವಾಪಸ್ ಬಂದೆ. ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಬಂದರೆ, ಭಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮೇಜಿನ ದೀಪವನ್ನು ಮುಖಕ್ಕೆ ತಿರುಗಿಸಿಕೊಂಡು, ಕನ್ನಡಿಯ ಮುಂದೆ ಬಾಯಿ ಅಗಲಿಸಿ ಕೂತಿದ್ದಾರೆ. ಬಾಯೊಳಗೆ ಚಿಮುಟ. ಕೂದಲಿನಂಥ ಸ್ಪ್ರಿಂಗ್ ಎತ್ತುವ ಚಿಮುಟ ಅದು, ತುದಿ ಸೂಜಿಯಷ್ಟೇ ಚೂಪು. ಕೂಗಿದರೆ ಕೈ ಜಾರುತ್ತದೆ, ಕೂಗದಿದ್ದರೆ ಏನು ಮಾಡಿಕೊಳ್ಳುತ್ತಾರೋ. ಉಸಿರು ಬಿಗಿಹಿಡಿದು ನಿಂತೆ.

ಜೀವಮಾನವೆಲ್ಲ ಗಡಿಯಾರವನ್ನು ನೇರ ಎದುರಿಗಿಟ್ಟುಕೊಂಡು ಕೆಲಸ ಮಾಡಿದ ಕೈ. ಕನ್ನಡಿಯಲ್ಲಿ ಎಲ್ಲವೂ ಹಿಂದುಮುಂದು. ಹೊರಕ್ಕೆ ಎಳೆಯಲು ಹೋದರೆ ತುದಿ ಒಳಕ್ಕೆ ಸರಿಯಿತು. ನಿಲ್ಲಿಸಿದರು, ಮತ್ತೆ ಇಟ್ಟರು. ಅಷ್ಟರಲ್ಲಿ ವಾಕರಿಕೆ ಬಂತು, ತಲೆ ಮುಂದಕ್ಕೆ ಬಿತ್ತು, ಚಿಮುಟ ಚುಚ್ಚಿತು.

ಮೇಜಿನ ಗಾಜಿನ ಮೇಲೆ, ಬಿಚ್ಚಿಟ್ಟ ಚಕ್ರಗಳ ಮೇಲೆ ರಕ್ತ. "ಅಕ್ಕಂಗೆ ಹೇಳ್ಬೇಡ" ಅಂದರು, ಆ ಮಾತಿನ ಜೊತೆಗೂ ರಕ್ತ. ನಾನು ಬೀದಿಗೆ ಓಡಿ ಗಂಟಲು ಹರಿಯುವಂತೆ ಅಕ್ಕನನ್ನು ಕೂಗಿದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಬಾಡಿಗೆ ಕಾರು ಹಿಡಿದು ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಭಾವನ ಬಾಯಿಗೆ ಒತ್ತಿ ಹಿಡಿದ ಟವೆಲ್ ಒದ್ದೆಯಾಗುತ್ತಲೇ ಇತ್ತು. ಟವೆಲ್ಲಿನ ಮರೆಯಿಂದಲೇ ಮಾತಾಡಿಸಿ, ಕಾರಿನಲ್ಲೇ ನಾನು ಎಲ್ಲ ಬಾಯಿಬಿಡಿಸಿದೆ. ಅವರ ತೀರಿಹೋದ ಅಣ್ಣನ ಹೆಸರು ಬಂದಾಗ ಅಕ್ಕ ಕಿಟಕಿಯ ಕಡೆ ನೋಡುತ್ತಾ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಾಯಕ್ಕೆ ಹತ್ತಿ ಬಟ್ಟೆ ಒತ್ತಿ ರಕ್ತ ನಿಲ್ಲಿಸಿದರು. ಗಂಟಲೊಳಗೆಲ್ಲ ನೋಡಿ, ಕುತ್ತಿಗೆಯನ್ನು ಬೆರಳಿನಿಂದ ತಡವಿದರು. ಆಮೇಲೆ ಬಟ್ಟೆಯ ಮೇಲಿದ್ದ ಅಕ್ಕಿಕಾಳಿನಷ್ಟು ಹಳದಿ ಚೂರನ್ನು ತೋರಿಸಿದರು.

"ಇದು ಕ್ಯಾನ್ಸರ್ ಅಲ್ಲ ಸ್ವಾಮಿ, ಟಾನ್ಸಿಲ್ ಕಲ್ಲು. ಟಾನ್ಸಿಲ್‌ನಲ್ಲಿ ಸಣ್ಣ ಸಣ್ಣ ಗುಳಿಗಳಿರ್ತವೆ. ಅನ್ನದ ಚೂರು, ಲೋಳೆ, ಕ್ರಿಮಿ ಎಲ್ಲ ಅಲ್ಲಿ ಸೇರ್ಕೊಂಡು ಗಟ್ಟಿಯಾಗುತ್ತೆ, ನಾರುತ್ತೆ. ತುಂಬಾ ಜನಕ್ಕೆ ಆಗುತ್ತೆ, ಎಷ್ಟೋ ಸಲ ತಾನೇ ಉದುರಿ ಹೋಗುತ್ತೆ. ಗಾಯ ಮಾಗಿದ ಮೇಲೆ ಊಟ ಆದ್ಮೇಲೆಲ್ಲ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಗಂಟಲಿಗೂ ತಾಗ್ಬೇಕು. ನೀರು ಚೆನ್ನಾಗಿ ಕುಡೀರಿ, ನಾಲಿಗೆನೂ ಉಜ್ಜಿ. ಪದೇ ಪದೇ ಕಾಟ ಕೊಟ್ರೆ, ಒಂದೇ ಕಡೆ ಊದ್ಕೊಂಡ್ರೆ, ನುಂಗೋಕೆ ನೋವಾದ್ರೆ, ಸುಮ್ಮನೆ ರಕ್ತ ಬಂದ್ರೆ ತಕ್ಷಣ ಬನ್ನಿ. ಆದ್ರೆ ಚೂಪಾದದ್ದನ್ನ ಮತ್ತೆ ಒಳಗೆ ಹಾಕ್ಬೇಡಿ. ಅದರ ಹಿಂದೇನೇ ದೊಡ್ಡ ರಕ್ತನಾಳ ಇದೆ. ಕಲ್ಲಿನಿಂದ ನಿಮ್ಮ ಜೀವಕ್ಕೇನೂ ಆಗ್ತಿರಲಿಲ್ಲ, ನಿಮ್ಮ ಕೈಯಿಂದ ಆಗೋದಿತ್ತು."

ನನಗೆ ಹೋದ ಜೀವ ಬಂದಂತಾಯಿತು. ಭಾವನಿಗೂ ಹಾಗೇ ಆಗಿರಬೇಕು, ಅಕ್ಕನ ಕಡೆ ನೋಡಿ ನಗಲು ಹೋದರು. ಅಕ್ಕ ನಗಲಿಲ್ಲ.

"ಸಾಯ್ತೀನಿ ಅಂದ್ಕೊಂಡ್ರಿ. ಆದ್ರೂ ನಂಗೆ ಹೇಳಲಿಲ್ಲ."

"ನಿಂಗೆ ಭಯ ಆಗುತ್ತೆ ಅಂತ..."

"ಭಯ ಆಗ್ಲಿ! ನಿಮಗೆ ನಾನೇ ಅಸಹ್ಯ ಆಗಿದ್ದೀನಿ ಅಂದ್ಕೊಂಡು ನಾನು ದಿನಾ ಸೋಪು ಹಾಕಿ ಹಾಕಿ ಮೈ ಉಜ್ಜಿಕೊಳ್ತಿದ್ದೆ. ಹಿಟ್ಟಿನ ಹುಳಿ ವಾಸನೆ ಹೋಗ್ಲಿ ಅಂತ."

ಭಾವ ಬಾಯಿಗೆ ಕೈ ಅಡ್ಡ ಹಿಡಿದು ತಲೆ ತಗ್ಗಿಸಿದರು. ಅಕ್ಕ ಆ ಕೈ ಹಿಡಿದು ಕೆಳಗಿಳಿಸಿದಳು. ಬಗ್ಗಿ, ತನ್ನ ಮುಖವನ್ನು ಅವರ ಮುಖದ ಹತ್ತಿರಕ್ಕೆ ತಂದು, ಅಲ್ಲೇ ನಿಂತಳು. ಭಾವ ಉಸಿರು ಹಿಡಿದಿದ್ದರು.

"ಬಿಡಿ" ಅಂದಳು.

ಬಿಟ್ಟರು.

"ನಾರುತ್ತೆ" ಅಂದಳು ಅಕ್ಕ. ಹಿಂದೆ ಸರಿಯಲಿಲ್ಲ. ಭಾವ ಅವಳ ಹೆಗಲಿಗೆ ಮುಖ ಒತ್ತಿಕೊಂಡು ಗಟ್ಟಿಯಾಗಿ ಅತ್ತರು.