ಶಾಂತವ್ವನ ಬಾಗಿಲಿನ ಫೋಟೋ

ಮಲ್ಲಪ್ಪನವರೇ, ನಿಮ್ಮ ಅತ್ತಿಗೆ ಶಾಂತವ್ವನವರ ಬಾಗಿಲಿನ ಫೋಟೋ ಕೆಡಿಸಿದ್ದು ನೀವಲ್ಲ, ನಾನು. ಇಷ್ಟು ವರ್ಷ ಆ ಅಪವಾದ ನಿಮ್ಮ ತಲೆಯ ಮೇಲಿತ್ತು — ನಾನು ಇಳಿಸಲಿಲ್ಲ.

ಅಣೆಕಟ್ಟಿನ ನೀರು ಬರುತ್ತದೆಂದು ಗಲಗಲಿ ಕಡೆಯ ನಿಮ್ಮೂರಿನಲ್ಲಿ ಎಲ್ಲರೂ ಮನೆ ಬಿಚ್ಚುತ್ತಿದ್ದ ದಿನಗಳು. ಯಾರು ಯಾರ ಜಾಗಕ್ಕೆ ಹೆಸರು ಬರೆಸಿದರೋ ಎಂದು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದಿರಿ. ಗಂಡನನ್ನು ಕಳೆದುಕೊಂಡ ಶಾಂತವ್ವನವರಿಗೆ ಹೊಸ ಊರಿನಲ್ಲಿ ಬೇರೆ ಜಾಗ ಸಿಗಬೇಕಾದರೆ, ಅವರ ಬಾಗಿಲು ಬೇರೆ, ಒಲೆ ಬೇರೆ ಎಂದು ಸರ್ಕಾರಕ್ಕೆ ತೋರಿಸಬೇಕಿತ್ತು. ಅದಕ್ಕೇ ಫೋಟೋ ತೆಗೆಯಲು ಬೀಳಗಿಯಿಂದ ನನ್ನನ್ನು ಕರೆಸಿದ್ದರು.

ನನ್ನದು ಹಳೆಯ ಕ್ಯಾಮೆರಾ. ಅದರಲ್ಲಿ ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಕಿಂಡಿಯೊಳಗೆ ಬಾಗಿಲು ಎರಡಾಗಿ ಕಾಣುತ್ತದೆ. ಉಂಗುರ ತಿರುಗಿಸಿ ಒಂದರ ಮೇಲೊಂದು ಕೂಡಿಸಿದರೆ ಫೋಕಸ್ ಆಯಿತು. ಅವತ್ತು ಎಷ್ಟು ಚಂದ ಕೂಡಿಸಿದ್ದೆ — ಆದರೆ ಧೂಳಿಗೆಂದು ಹಾಕಿದ್ದ ಲೆನ್ಸಿನ ಮುಚ್ಚಳ ತೆಗೆದಿರಲೇ ಇಲ್ಲ. ಕಿಂಡಿಯಲ್ಲಿ ಅದು ಗೊತ್ತಾಗುವುದಿಲ್ಲ. ಹೊಸ ರೋಲು ಪೂರ್ತಿ ಖಾಲಿ.

ಫಿಲ್ಮು ತೊಳೆದು ನೋಡುವಷ್ಟರಲ್ಲಿ ಬಾಗಿಲು ಕಿತ್ತಾಗಿತ್ತು, ಗೋಡೆ ಬಿದ್ದಿತ್ತು. "ರೋಲಿಗೆ ಬೆಳಕು ಬಿದ್ದೈತ್ರಿ" ಎಂದೆ ಶಾಂತವ್ವನವರಿಗೆ. ಸುಳ್ಳು. ಬೆಳಕು ಬಿದ್ದ ಫಿಲ್ಮು ಕಪ್ಪಾಗುತ್ತದೆ, ನನ್ನದು ತಿಳಿಯಾಗಿತ್ತು. ಅದು ಕಸಬಿನವರಿಗೆ ಮಾತ್ರ ಗೊತ್ತು. ಅವರು ಕೇಳಿದರು:

"ನೀವು ಕೈ ತೊಳ್ಯಾಕ ಹೋದಾಗ ಕ್ಯಾಮೆರಾ ನಮ್ಮ ಮೈದುನನ ಕಟ್ಟಿ ಮ್ಯಾಲ ಇತ್ತಲ್ರೀ. ಅಂವ ಏನರ ಅದನ್ನ ಬಿಚ್ಚಿದ್ನೇನ್ರಿ?"

"ಇರಬಹುದು ನೋಡ್ರಿ" ಎಂದೆ.

ಎಲುಬಿಲ್ಲದ ನಾಲಿಗೆ, ಹೊರಳಿಬಿಟ್ಟಿತು. ಅನುಮಾನ ಅವರಲ್ಲಿ ಮೊದಲೇ ಇತ್ತು, ನಾನು ಬರೀ ಹೂಂ ಅಂದೆ ಎಂದು ಎಷ್ಟೋ ವರ್ಷ ನನಗೆ ನಾನೇ... ಇಲ್ಲ, ಅದನ್ನು ಬರೆಯುವುದಿಲ್ಲ.

ಬೇರೆ ಜಾಗ ತಪ್ಪಿತು. ಶಾಂತವ್ವನವರು ಮಗಳನ್ನು ಕರೆದುಕೊಂಡು ಮಹಾಲಿಂಗಪುರದಲ್ಲಿ ಬಾಡಿಗೆ ಮನೆ ಹಿಡಿದರು. ನಿಮ್ಮ ಮನೆಯ ನೀರು ಸಹ ಮುಟ್ಟಲಿಲ್ಲ.

ಆ ಮಗಳ ಮದುವೆಗೂ ನಾನೇ ಫೋಟೋಗ್ರಾಫರ್. ತಂದೆಯಿಲ್ಲದ ಹುಡುಗಿಗೆ ಧಾರೆ ಎರೆಯಬೇಕಾದ ಕಾಕಾ ನೀವು. ಕರೆಯದಿದ್ದರೂ ಬಂದು, ಹಂದರದ ಹೊರಗೆ ರಸ್ತೆಯ ಮೇಲೆ ನಿಂತಿದ್ದಿರಿ. ನನ್ನ ಕ್ಯಾಮೆರಾದ ಕಿಂಡಿಯಲ್ಲಿ ಫೋಟೋದ ಚೌಕಟ್ಟು ತೋರಿಸುವ ಗೆರೆಯ ಆಚೆಗಿನದೂ ಕಾಣುತ್ತದೆ. ನೀವು ಅಲ್ಲಿಂದಲೇ ಅಕ್ಕಿಕಾಳು ಎಸೆದದ್ದು ಕಂಡೆ — ಗೆರೆಯೊಳಗೆ ನೀವು ಬಾರದಂತೆ ಸರಿದು ನಿಂತು ಫೋಟೋ ತೆಗೆದೆ.

ನಿನ್ನೆ ಶಾಂತವ್ವನವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದು ನಿಂತೇ ಇದ್ದೆ. ಬೈಯಲಿಲ್ಲ.

"ಅಂವ ಎರಡ ಸಲ ಬಂದು, ನಾ ಮುಟ್ಟಿಲ್ಲಂತ ಬೀರಪ್ಪ ದೇವರ ಆಣಿ ಮಾಡಿ ಹೇಳಿದ್ನರಿ" ಎಂದರು. "ನಾ ಅಂವನ ಮಾರಿ ಸೈತ ನೋಡಲಿಲ್ಲ."

ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ನಿಮ್ಮೆದುರೇ ನಿಂತಿರುತ್ತೇನೆ.