ಶಂಕ್ರೆಪ್ಪನ ಕೆಂಪು ಎಂ.ಜಿ. ಮತ್ತು ಮಣೆಯ ಮೇಲಿನ ಹದಿನಾಲ್ಕು ಸಾಮಾನು

ಮರಾಠಿ ಮಂದಿಯ ಸದಾಶಿವ ಪೇಠದಲ್ಲಿ ಶಂಕ್ರೆಪ್ಪನ ಮನೆ ಎಲ್ಲಿ ಎಂದು ಯಾರೂ ಹುಡುಕಾಡಬೇಕಾಗಿರಲಿಲ್ಲ. ಯಾವ ವಾಡೆಯ, ಅಂದರೆ ಹಳೇ ತೊಟ್ಟಿಮನೆಯ, ಮುಂದೆ ಸ್ಕೂಟರುಗಳ ನಡುವೆ ತಲೆಯ ಮೇಲೆ ಟಪ್ಪಿಲ್ಲದ, ಎರಡೇ ಸೀಟಿನ ಕೆಂಪು ಕಾರೊಂದು ನಿಂತಿದೆಯೋ ಅದೇ ಅವನ ಮನೆ. ಕಾರು ೧೯೫೧ರ ಎಂ.ಜಿ., ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಇಂಥ ಕಾರು ಇದ್ದವರು ಅದಕ್ಕೆ ಬಿಳಿ ಬಟ್ಟೆ ಹೊದಿಸಿ, ಶೆಡ್ಡಿಗೆ ಬೀಗ ಜಡಿದು, ವರ್ಷಕ್ಕೊಮ್ಮೆ ಪ್ರದರ್ಶನದ ದಿನ ಲಾರಿಯ ಮೇಲೆ ಹೇರಿಕೊಂಡು ಬರುತ್ತಾರೆ. ನಮ್ಮ ಶಂಕ್ರೆಪ್ಪ? ದಿನಾ ಬೆಳಿಗ್ಗೆ ಸೀಟಿನ ಹಿಂದೆ ಗುಳೇದಗುಡ್ಡದ ಕುಪ್ಪಸದ ಖಣದ ಗಂಟು ತುರುಕಿ, ಲಕ್ಷ್ಮೀ ರಸ್ತೆಯ ತನ್ನ ಅಂಗಡಿಗೆ ಅದರಲ್ಲೇ ಹೋಗುತ್ತಿದ್ದ. ಮಳೆ ಬಂದರೆ ಗಂಟಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದ, ತಾನು ತೋಯಿಸಿಕೊಳ್ಳುತ್ತಿದ್ದ.

ಕಾರು ಸಿಕ್ಕದ್ದು ೧೯೯೧ರಲ್ಲಿ. ಕ್ಯಾಂಪಿನ ಒಂದು ಹಳೇ ಬಂಗಲೆಗೆ ಪರದೆಯ ಬಟ್ಟೆ ಕೊಡಲು ಹೋದವನು ಹಿತ್ತಲಲ್ಲಿ ಇದನ್ನು ಕಂಡ. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಬೆಲೆ ಕೊಟ್ಟು, ಕೋಳಿಯನ್ನು ಎಬ್ಬಿಸಿ ಕಾರನ್ನು ಎಳೆಸಿಕೊಂಡು ಬಂದ. ಹಡಪಸರದ ಮೆಕ್ಯಾನಿಕ್ ಹುಸೇನಪ್ಪ, ಕಲಬುರ್ಗಿ ಕಡೆಯವನು, ಎಂಟು ತಿಂಗಳು ಅದರ ಹೊಟ್ಟೆಯಲ್ಲಿ ಕೈಯಾಡಿಸಿ ಕೊನೆಗೂ ಚಾಲೂ ಮಾಡಿಕೊಟ್ಟ. ಅಂದು ಶಂಕ್ರೆಪ್ಪ ಇಡೀ ಪೇಠಕ್ಕೆ ಪೇಢೆ ಹಂಚಿದ. ಹೆಂಡತಿ ರುದ್ರವ್ವ ಮಾತ್ರ ಬಾಗಿಲಲ್ಲಿ ನಿಂತು, "ಸವತಿ ಬಂದ್ಲಾ ಮನಿಗೆ? ಬರ್ಲಿ, ಬರ್ಲಿ" ಎಂದು ಒಳಗೆ ಹೋದಳು. ಹನ್ನೆರಡು ವರ್ಷ ಆ ಕಾರಿನಲ್ಲಿ ಒಮ್ಮೆಯೂ ಕೂರಲಿಲ್ಲ. ತಲೆಯ ಮೇಲೆ ಸೂರಿಲ್ಲದ ಗಾಡಿಯಲ್ಲಿ ಮೆರವಣಿಗೆ ಹೊರಡಲು ತಾನೇನು ಮದುಮಗಳೇ ಎಂಬುದು ಅವಳ ಪ್ರಶ್ನೆ.

ಆದರೆ ಸವತಿಗೂ ಒಂದು ಮರ್ಯಾದೆ ಇದೆಯಲ್ಲ! ರುದ್ರವ್ವ ನೇಕಾರರ ಮನೆಯ ಮಗಳು. ಅವಳ ತವರಿನಲ್ಲಿ ಖಂಡೇನವಮಿ, ಅದೇ ಆಯುಧಪೂಜೆ, ಬಂತೆಂದರೆ ಮಗ್ಗದ ಲಾಳಿಯಿಂದ ಹಿಡಿದು ಕತ್ತರಿಯ ತನಕ ಎಲ್ಲ ತೊಳೆದು ಮಣೆಯ ಮೇಲಿಟ್ಟು ಪೂಜೆ. ಇಟ್ಟದ್ದನ್ನು ಮರುದಿನ ಬನ್ನಿ ಕೊಟ್ಟು ಬರುವ ತನಕ ಯಾರೂ ಮುಟ್ಟುವಂತಿಲ್ಲ. ಕಾರಿನ ಬಾನೆಟ್ಟಿನ ಕೆಳಗಿನ ಪೆಟ್ಟಿಗೆಯಲ್ಲಿ ಕಂಪನಿಯವರು ಕೊಟ್ಟಿದ್ದ ಸಾಮಾನು ಕಂಡಾಗ ಅವಳು ಅವನ್ನೂ ಬಿಡಲಿಲ್ಲ. ಬೋಲ್ಟು ಬಿಚ್ಚುವ ಆರು ಪಾನಾ, ಒಂದು ಜಾಕು, ಹವಾ ಹಾಕುವ ಪಂಪು, ತಿರುವುವ ಹ್ಯಾಂಡಲ್ಲು, ಇಕ್ಕಳ, ಇನ್ನೂ ಏನೇನೋ, ಒಟ್ಟು ಹದಿನಾಲ್ಕು. ಪ್ರತಿ ವರ್ಷ ಎಣಿಸಿ ಇಡುವಳು. ಒಂದು ವರ್ಷ ಹದಿಮೂರೇ ಬಂತು. "ಹದಿನಾಕನೇದು ಬರೂತನ ನಿಮಗ ಊಟಿಲ್ಲ" ಎಂದು ಗಂಡನನ್ನು ಹಡಪಸರಕ್ಕೆ ಅಟ್ಟಿದಳು. ಹುಸೇನಪ್ಪನ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಪಾನಾ ತಂದ ಮೇಲೆಯೇ ಹೋಳಿಗೆ ಬಡಿಸಿದಳು.

ಇನ್ನು ಹಳೇ ಕಾರಿನ ಇನ್ನೊಬ್ಬ ಹುಚ್ಚ ಮಧುಕರನ ವಿಷಯ. ಅವನ ಬಳಿಯೂ ಅದೇ ವರ್ಷದ ಎಂ.ಜಿ. ಇತ್ತು, ಹಸಿರು ಬಣ್ಣದ್ದು. ಆದರೆ ಅದು ಶೆಡ್ಡಿನಲ್ಲಿ ಬೆಳೆದ ಕೂಸು. ನಟ್ಟು ನಟ್ಟನ್ನೂ ಹತ್ತಿಯಿಂದ ಒರೆಸುತ್ತಿದ್ದ, ಓಡಿಸುತ್ತಿರಲಿಲ್ಲ. ೨೦೦೨ರಲ್ಲಿ ಒಮ್ಮೆ ಚಹಾ ಕುಡಿಯುವಾಗ ನಾಲ್ಕು ಜನರೆದುರು ಅವನು ಮರಾಠಿಯಲ್ಲಿ ಅಂದುಬಿಟ್ಟ: "ಶಂಕರರಾವ್, ನಿಮ್ಮದು ಕಾರಲ್ಲ, ಖಣದ ಟೆಂಪೋ. ದಿನಾ ಓಡಿಸಿ ಓಡಿಸಿ ಅದರಲ್ಲಿ ಅಸಲಿ ಏನು ಉಳಿದಿದೆ? ಇಂಜಿನ್ನೂ ಅಂಬಾಸಡರ್‌ದೇ ಇರಬೇಕು."

ಶಂಕ್ರೆಪ್ಪನಿಗೆ ಮೈಯೆಲ್ಲ ಉರಿಯಿತು. ಎಲ್ಲ ಸಹಿಸಿಯಾನು, ಇದನ್ನು ಸಹಿಸಿಯಾನೇ? ಚಹಾದ ಕಪ್ಪು ಟಪ್ಪನೆ ಇಟ್ಟು ಅಲ್ಲೇ ಪಣ ಕಟ್ಟಿದ. ಮುಂದಿನ ವರ್ಷ ಹಳೇ ಕಾರುಗಳ ಅಸಲಿತನದ ಪರೀಕ್ಷೆಗೆ ಕಾರು ಇಳಿಸುತ್ತೇನೆ. ನೂರಕ್ಕೆ ಎಂಬತ್ತು ಬಂದರೆ ಅಸಲಿ ಎಂದು ಸರ್ಟಿಫಿಕೇಟು ಕೊಡುತ್ತಾರೆ. ಬಂದರೆ ಮಧುಕರ ಅದೇ ದಿನ ತನ್ನ ಹಸಿರು ಕಾರನ್ನು ತಾನೇ ಓಡಿಸಿಕೊಂಡು ಕಾತ್ರಜ ಘಟ್ಟ ಹತ್ತಬೇಕು. ಬರದಿದ್ದರೆ ಶಂಕ್ರೆಪ್ಪ ತನ್ನ ಕೆಂಪು ಕಾರಿಗೆ ಬಟ್ಟೆ ಹೊದಿಸಿ ಒಳಗಿಡಬೇಕು, ಮತ್ತೆ ರಸ್ತೆಗೆ ತರುವಂತಿಲ್ಲ. ಆಡಿದ ಮೇಲೆ ತಾನು ಏನಾಡಿದೆ ಎಂದು ಹೊಳೆಯಿತು. ದಿನಾ ಬೆಳಿಗ್ಗೆ ಆ ಗಾಡಿಯ ಚಕ್ರ ಹಿಡಿಯದೆ ಅಂಗಡಿಯ ಬಾಗಿಲು ತೆರೆಯುವುದು ಅವನಿಗೆ ಗೊತ್ತೇ ಇರಲಿಲ್ಲ. ಆದರೆ ಮಾತು ಹೊರಬಿದ್ದಾಗಿತ್ತು.

ಪರೀಕ್ಷೆಯ ದಿನ ಗೊತ್ತಾಯಿತು. ೨೦೦೩ರ ದಸರೆ, ಸರಿಯಾಗಿ ಖಂಡೇನವಮಿಯ ದಿನವೇ! ಜಾಗ ಮಗರಪಟ್ಟಾದ ಹೊಸ ಕಟ್ಟಡಗಳ ನಡುವಿನ ಹುಲ್ಲಿನ ಮೈದಾನ. ಶಂಕ್ರೆಪ್ಪ ನಸುಕಿನಲ್ಲೇ ಎದ್ದು ಕಾರು ತೊಳೆದ, ಚೆಂಡುಹೂವಿನ ಮಾಲೆ ಹಾಕಿದ, ಗಾಲಿಗೆ ನಿಂಬೆಹಣ್ಣು ಇಟ್ಟು ಹಾಯಿಸಿದ. ಸೀಟಿ ಹೊಡೆಯುತ್ತಾ ಹೊರಟ. ಸೋಲಾಪುರ ರಸ್ತೆಯಲ್ಲಿ ಪಿ.ಎಂ.ಟಿ. ಸಿಟಿ ಬಸ್ಸಿನ ಕಂಡಕ್ಟರು ಅರ್ಧ ಹೊರಗೆ ಬಾಗಿ ಸಲಾಮು ಹೊಡೆದ. ಮಧುಕರನ ಹಸಿರು ಕಾರು ಲಾರಿಯ ಮೇಲೆ ಬಂತು.

ಮುಖ್ಯ ಪರೀಕ್ಷಕರು ಮುಂಬಯಿಯ ಪಾರಸಿ ಮುದುಕರು. ಬಿಳಿ ಪ್ಯಾಂಟು, ಕೈಯಲ್ಲಿ ಟಾರ್ಚು, ಕುತ್ತಿಗೆಗೆ ಭೂತಗನ್ನಡಿ. ಅವರದು ಮಾತು ಕಡಿಮೆ, ಕಡಿತವೇ ಜಾಸ್ತಿ. ಕನ್ನಡಿಗೆ ಎರಡು ಮಾರ್ಕು ಹೋಯಿತು. ಹಾರ್ನಿಗೆ ಮೂರು. ದೀಪ, ಗಾಲಿ, ಬಣ್ಣ ಅಂತ ಇನ್ನೂ ಹತ್ತು. ಬಾಗಿಲ ಒಳಮೈಗೆ ಹರಿದ ರೆಕ್ಸಿನ್ ಬದಲು ಶಂಕ್ರೆಪ್ಪ ಕಡುನೀಲಿ ಖಣ ಹೊಡೆಸಿದ್ದ. ಮುದುಕರು ಅದನ್ನು ಬೆರಳಿಂದ ಸವರಿದರು.

"ಇದು ಇಂಗ್ಲೆಂಡಿನಿಂದ ಬಂದದ್ದೋ?" ಎಂದು ತಮ್ಮ ಒಡಕು ಮರಾಠಿಯಲ್ಲಿ ಕೇಳಿದರು.

"ಇಲ್ರಿ ಸಾಹೇಬರ, ಗುಳೇದಗುಡ್ಡದ್ದು" ಎಂದ ಶಂಕ್ರೆಪ್ಪ, ಗಾಬರಿಯಲ್ಲಿ ಕನ್ನಡದಲ್ಲೇ.

"ಚೆನ್ನಾಗಿದೆ. ನಾಲ್ಕು ಕಡಿತ."

ಆಮೇಲೆ ಬಾನೆಟ್ ತೆರೆದರು. ಮಧುಕರ ನಗುತ್ತಾ ಹತ್ತಿರ ಬಂದು ನಿಂತ. ಮುದುಕರು ಟಾರ್ಚಿನ ಬೆಳಕು ಬಿಟ್ಟು ಇಂಜಿನ್ನಿನ ಪಕ್ಕದ ಎಂಟು ಮೂಲೆಯ ಹಿತ್ತಾಳೆ ಬಿಲ್ಲೆಯನ್ನು ಓದಿದರು. ಹಳೇ ನೋಂದಣಿ ಪುಸ್ತಕ ಬಿಡಿಸಿ ಒಂದೊಂದೇ ಅಂಕಿ ತಾಳೆ ನೋಡಿದರು. ಕೊನೆಯ ಅಂಕಿಯೂ ತಾಳೆಯಾಯಿತು. "ಬರೋಬರ್. ಹುಟ್ಟಿದಾಗಿನ ಇಂಜಿನ್ ಇದೇ!"

ಅಬ್ಬಾ! ಶಂಕ್ರೆಪ್ಪನಿಗೆ ಅಲ್ಲೇ ಕುಣಿಯಬೇಕೆನಿಸಿತು. ಮಧುಕರನ ನಗು ಮಾಯವಾಯಿತು. ಈಗ ಉಳಿದದ್ದು ಕೊನೆಯ ಒಂದೇ ಒಂದು, ಸಾಮಾನಿನ ಪೆಟ್ಟಿಗೆ. ಅದಕ್ಕೆ ಆರು ಮಾರ್ಕು. ಶಂಕ್ರೆಪ್ಪ ಠೀವಿಯಿಂದ ಮುಚ್ಚಳ ಎತ್ತಿದ.

ಪೆಟ್ಟಿಗೆ ಖಾಲಿ.

ಖಾಲಿ ಇರದೆ ಇನ್ನೇನು? ಹಿಂದಿನ ದಿನ ಸಂಜೆ ಆ ಹದಿನಾಲ್ಕನ್ನೂ ತೆಗೆದು ರುದ್ರವ್ವನ ಕೈಗೆ ಕೊಟ್ಟವನು ಅವನೇ! ಹನ್ನೆರಡು ವರ್ಷದಿಂದ ಖಂಡೇನವಮಿಗೆ ಅವು ಇರುವ ಜಾಗ ದೇವರ ಮನೆ. ಬೇರೆ ಕಡೆ ಇರಬಹುದೆಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಮುದುಕರು ಕೂಡಿಸಿ ಹೇಳಿದರು: "ಎಪ್ಪತ್ತೈದು. ಒಂದು ಗಂಟೆಗೆ ಪಟ್ಟಿ ಮುಚ್ಚುತ್ತೇನೆ. ಅಷ್ಟರೊಳಗೆ ಸಾಮಾನು ತೋರಿಸಿದರೆ ನೋಡುತ್ತೇನೆ. ಕಾರು ಮಾತ್ರ ಸಾಲು ಬಿಟ್ಟು ಕದಲಬಾರದು."

ಹನ್ನೊಂದೂ ಮುಕ್ಕಾಲು ಆಗಿತ್ತು. ಶಂಕ್ರೆಪ್ಪ ಗೇಟಿನ ಬಳಿಯ ರೂಪಾಯಿ ಫೋನಿಗೆ ಓಡಿದ.

"ರುದ್ರವ್ವಾ, ಆ ಗಾಡಿ ಸಾಮಾನು ತುಗೊಂಡು ಲಗೂನ ಬಾ. ರಿಕ್ಷಾ ಮಾಡ್ಕೊಂಡು ಬಾ!"

"ಏನಂದ್ರಿ? ಪೂಜಿ ಆಗೇದ. ಇವತ್ತ ಅವನ್ನ ಎತ್ತಂಗಿಲ್ಲ, ನಿಮಗ ಗೊತ್ತಿಲ್ಲೇನು?"

"ಎತ್ತಲಿಲ್ಲ ಅಂದ್ರ ಗಾಡಿ ಒಳಗ ಇಡಬೇಕಾಗ್ತದ. ಜಲ್ಮದಾಗ ಮತ್ತ ಓಡಸಂಗಿಲ್ಲ. ಮಾತ್ ಕೊಟ್ಟೀನಿ."

"ಮಾತ್ ಕೊಡೂಮುಂದ ನನ್ನ ಕೇಳಿದ್ರೇನು?" ಎಂದು ರುದ್ರವ್ವ ಫೋನು ಇಟ್ಟೇಬಿಟ್ಟಳು.

ಮುಗಿಯಿತು. ತಾನೇ ಹೋಗಿ ತರೋಣವೆಂದರೆ ಅವಳು ದೇವರ ಮನೆಯ ಹೊಸ್ತಿಲು ದಾಟಗೊಡುವವಳಲ್ಲ. ಶಂಕ್ರೆಪ್ಪ ವಾಪಸು ಬಂದು ಕಾರಿನ ಪಕ್ಕ ಹುಲ್ಲಿನ ಮೇಲೆ ಕುಕ್ಕರಿಸಿದ. ಹನ್ನೆರಡೂವರೆ ಆಯಿತು. ಮಧುಕರ ಬಂದು, ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದ: "ಒಳ್ಳೇ ಬಟ್ಟೆ ನಾನೇ ಹೊಲಿಸಿ ಕೊಡುತ್ತೇನೆ, ಶಂಕರರಾವ್. ಹೊದಿಸಿಡಿ." ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ. ಶಂಕ್ರೆಪ್ಪನ ಕಣ್ಣು ತುಂಬಿ ಬಂತು.

ಒಂದಕ್ಕೆ ಹತ್ತು ನಿಮಿಷ ಇದ್ದಾಗ ಗೇಟಿನ ಕಡೆ ಗದ್ದಲವೆದ್ದಿತು. "ರಿಕ್ಷಾ ಒಳಗೆ ಬಿಡುವುದಿಲ್ಲ" ಎಂದು ಕಾವಲಿನವನು ಕೂಗುತ್ತಿದ್ದ. "ಬಿಡಬ್ಯಾಡ. ದೇವರಿಗೆ ಮಾತ್ರ ದಾರಿ ಬಿಡು" ಎಂಬ ಧ್ವನಿ ಕೇಳಿತು. ಶಂಕ್ರೆಪ್ಪ ನೆಗೆದು ನಿಂತ. ಆ ಧ್ವನಿ ಗೊತ್ತಿಲ್ಲವೇ ಅವನಿಗೆ!

ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ಬರಿಗಾಲು. ದೊಡ್ಡ ಮಣೆಯ ಒಂದು ಬದಿ ರುದ್ರವ್ವ ಹಿಡಿದಿದ್ದಳು, ಇನ್ನೊಂದು ಬದಿ ಚಪ್ಪಲಿ ಬಿಟ್ಟ ರಿಕ್ಷಾದವನು. ಮಣೆಯ ಮೇಲೆ ಹದಿನಾಲ್ಕೂ ಸಾಮಾನು, ಇಟ್ಟದ್ದು ಇಟ್ಟ ಹಾಗೇ ಇತ್ತು. ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು. ಸೂಟುಬೂಟಿನ ಮಂದಿ ಎರಡೂ ಕಡೆ ಸರಿದು ದಾರಿ ಬಿಟ್ಟರು. ಯಾರೋ ಕೈ ಮುಗಿದೂ ಮುಗಿದರು.

"ಎತ್ತಂಗಿಲ್ಲ ಅಂದಿದ್ದೆಲ್ಲ?" ಎಂದ ಶಂಕ್ರೆಪ್ಪ. ನಗಬೇಕೋ ಅಳಬೇಕೋ ತಿಳಿಯಲಿಲ್ಲ ಅವನಿಗೆ.

"ಎಲ್ಲೆ ಎತ್ತೀನಿ? ಮಣಿ ಮ್ಯಾಲಿಂದ ಒಂದ ಸಾಮಾನಾರ ಎತ್ತೀನೇನು? ಮಣಿ ಎತ್ತಬಾರದು ಅಂತ ನಮ್ಮವ್ವ ಯಾವತ್ತೂ ಹೇಳಿಲ್ಲ." ಆಮೇಲೆ ಪಾರಸಿ ಮುದುಕರ ಕಡೆ ತಿರುಗಿ ಬೆರಳು ತೋರಿಸಿದಳು. "ಅಜ್ಜಾರ, ನೋಡ್ರಿ, ಎಣಸ್ರಿ. ಮುಟ್ಟಬ್ಯಾಡ್ರಿ. ಬೂಟ್ ಬಿಚ್ರಿ ಮೊದಲ."

ಆಕೆಯ ಕನ್ನಡ ಅವರಿಗೆ ಏನು ತಿಳಿಯಿತೋ! ಬೆರಳು ಬೂಟಿನ ಕಡೆ ಇದ್ದದ್ದಂತೂ ತಿಳಿಯಿತು. ಮುದುಕರು ಬೂಟು ಬಿಚ್ಚಿ, ಬಿಳಿ ಪ್ಯಾಂಟಿನಲ್ಲೇ ಹುಲ್ಲಿನ ಮೇಲೆ ಮೊಣಕಾಲೂರಿ, ಭೂತಗನ್ನಡಿ ಹಿಡಿದು ಬಾಗಿದರು. ಒಂದು ಪಾನಾದ ಛಾಪು ಓದಿದರು. ಇನ್ನೊಂದರದು. ಪಂಪಿನದು. ಅವರ ಮುಖ ಅರಳುತ್ತಾ ಹೋಯಿತು. "ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ," ಎಂದರು ಎದ್ದು, "ಎಲ್ಲ ಕಡೆ ಮೊದಲು ಕಳೆಯುವುದೇ ಇವು. ಪೂರಾ ಹದಿನಾಲ್ಕು ಒಟ್ಟಿಗೆ ಇದೇ ಮೊದಲು ನೋಡಿದ್ದು. ಆರಕ್ಕೆ ಆರು." ಪೆನ್ನು ಎತ್ತಿದವರು ತಡೆದರು. "ಆದರೆ ಕುಂಕುಮ ಕಾರ್ಖಾನೆಯದಲ್ಲ. ಒಂದು ಕಡಿತ. ಒಟ್ಟು ಎಂಬತ್ತು."

ಎಂಬತ್ತು! ಶಂಕ್ರೆಪ್ಪ ಕೂಗಿದ ಕೂಗಿಗೆ ಕಟ್ಟಡದ ಪಾರಿವಾಳಗಳೆಲ್ಲ ಎದ್ದವು. ರಿಕ್ಷಾದವನನ್ನು ತಬ್ಬಿಕೊಂಡ, ಮುದುಕರ ಕಾಲು ಮುಟ್ಟಿದ, ಕಾರಿನ ಬಾನೆಟ್ಟಿಗೆ ಮುತ್ತು ಕೊಟ್ಟ. "ಸಾಕ ಮಾಡ್ರಿ, ಮಂದಿ ನೋಡಾಕತ್ತಾರ" ಎಂದಳು ರುದ್ರವ್ವ. ಮಣೆಯನ್ನು ಸೀಟಿನ ಹಿಂದೆ ಖಣದ ಗಂಟಿನ ಜಾಗದಲ್ಲಿ ಇರಿಸಿ, ಅದನ್ನು ಹಿಡಿದುಕೊಳ್ಳುವ ನೆಪದಲ್ಲಿ, ಹನ್ನೆರಡು ವರ್ಷದ ಮೇಲೆ ಸವತಿಯ ಮಡಿಲಲ್ಲಿ ಕೂತಳು.

ಮಧುಕರ ಮಾತಿನ ಮನುಷ್ಯ, ಅದನ್ನು ಒಪ್ಪಬೇಕು. ತನ್ನ ಹಸಿರು ಕಾರನ್ನು ಚಾಲೂ ಮಾಡಿದ. ಮುಂದೆ ಹೊರಟ. ಹಿಂದೆ ಕೆಂಪು ಕಾರು. ಸ್ವಾರಗೇಟ ತನಕ ಎಲ್ಲ ಸುಸೂತ್ರ. ಅಲ್ಲಿ, ಸರಿಯಾಗಿ ಬಸ್ ನಿಲ್ದಾಣದ ಎದುರು, ಹಸಿರು ಕಾರು ಕೆಮ್ಮಿತು, ಜಗ್ಗಿತು, ನಿಂತೇಬಿಟ್ಟಿತು. ಹಿಂದೆ ಸಾತಾರಾ ಬಸ್ಸು, ಅದರ ಹಿಂದೆ ಹತ್ತು ರಿಕ್ಷಾ, ಎಲ್ಲದರ ಹಾರ್ನು ಒಂದೇ ಸಲ!

ಶಂಕ್ರೆಪ್ಪನಿಗೆ ನೋಡಿದೊಡನೆ ತಿಳಿಯಿತು. ಓಡದ ಗಾಡಿಯ ಟಾಕಿಯಲ್ಲಿ ತುಕ್ಕು ಕೂತು ಪೆಟ್ರೋಲು ನಳಿಗೆ ಕಟ್ಟಿತ್ತು. ಒಂದು ಬೋಲ್ಟು ಬಿಚ್ಚಿ ಊದಿದರೆ ಸಾಕು. ಮಧುಕರ ಥಳಥಳಿಸುವ ತನ್ನ ಹೊಸ ಪಾನಾ ಹಾಕಿ ತಿರುವಿದ. ಪ್ರದರ್ಶನಕ್ಕೆಂದು ಮಾಡಿಸಿದ ನಕಲು, ಒಂದೇ ಪಟ್ಟಿಗೆ ಬಾಯಿ ಅಗಲಿಸಿತು. ಈಗಿನ ಅಳತೆಯ ಬೇರೆ ಪಾನಾ ಯಾವುದೂ ಆ ಹಳೇ ಇಂಗ್ಲಿಷ್ ಬೋಲ್ಟಿಗೆ ಕೂಡುವುದಿಲ್ಲ. ಅವನ ಹಣೆಯಿಂದ ಬೆವರು ಇಳಿಯಿತು. ಮಂದಿ ಸೇರಿ ನಗತೊಡಗಿದರು. ಇಂಥ ಹೊತ್ತು ಬಂದೀತೆಂದೇ ಅವನು ಇಷ್ಟು ವರ್ಷ ಆ ಕಾರನ್ನು ಹೊರಗೆ ತಂದಿರಲಿಲ್ಲ, ಪಾಪ.

ಶಂಕ್ರೆಪ್ಪ ಮಣೆಯ ಕಡೆ ನೋಡಿದ. ಬೇಕಾದ ಪಾನಾ ಅಲ್ಲೇ, ಕೈಯಳತೆಯಲ್ಲಿ, ಕುಂಕುಮ ಹಚ್ಚಿಕೊಂಡು ಮಲಗಿತ್ತು. ಹೆಂಡತಿಯ ಮುಖ ನೋಡಿದ.

"ಯಾವುದ ಬೇಕು?" ಎಂದಳು ರುದ್ರವ್ವ.

"ಆ ಮೂರನೇದು... ಆದ್ರ ನಾಳಿ ತನಕ..."

"ನಿಮ್ಮ ಪಣದ ಸಲುವಾಗಿ ಎತ್ತಲಿಲ್ಲ ನಾ. ಇದು ಬ್ಯಾರೆ. ನಡು ದಾರ್ಯಾಗ ಒಬ್ಬಾಂವ ನಿಂತಾನ." ಆಕೆ ತಾನೇ ಹಿಂದೆ ತಿರುಗಿ ಆ ಪಾನಾ ಎತ್ತಿ, ಕಣ್ಣಿಗೆ ಒತ್ತಿಕೊಂಡು, ಕೆಳಗಿಳಿದು ಹೋಗಿ ಮಧುಕರನ ಕೈಗೆ ಕೊಟ್ಟಳು. "ಹಿಡೀರಿ. ಆದ ಮ್ಯಾಲ ತಿರಿಗಿ ಕೊಡ್ರಿ, ಮತ್ತ."

ಬೋಲ್ಟು ಎರಡೇ ತಿರುವಿಗೆ ಬಿಚ್ಚಿತು. ಶಂಕ್ರೆಪ್ಪ ಊದಿದ, ಕೂಡಿಸಿದ. ಹಸಿರು ಕಾರು ಗುಡುಗಿ ಎದ್ದಿತು. ಬಸ್ಸಿನ ಕಿಟಕಿಗಳಿಂದ ಮಂದಿ ಚಪ್ಪಾಳೆ ಹೊಡೆದರು. ಮಧುಕರ ಪಾನಾವನ್ನು ಎರಡೂ ಕೈಯಲ್ಲಿ ಹಿಡಿದು ಕೆಂಪು ಕಾರಿನ ಬಳಿ ಬಂದ. ಅವನ ಬಿಳಿ ಶರ್ಟಿನ ತುಂಬ ಕುಂಕುಮ, ಗ್ರೀಸು. ಚಪ್ಪಲಿ ಬಿಟ್ಟು, ಬಾಗಿ, ಪಾನಾವನ್ನು ಮಣೆಯ ಮೇಲೆ ಇದ್ದ ಜಾಗದಲ್ಲೇ ಇಟ್ಟು, "ವಹಿನಿ" ಎಂದು ಅತ್ತಿಗೆಗೆ ಮುಗಿಯುವಂತೆ ಕೈ ಮುಗಿದ.

ರುದ್ರವ್ವ ಬೆರಳು ಮಡಚಿ ಮಣೆಯ ಮೇಲಿನದನ್ನು ಎಣಿಸಿದಳು. ಹದಿನಾಲ್ಕು. ಸೆರಗು ಬಿಗಿದು ಮುಂದಕ್ಕೆ ತಿರುಗಿ ಕೂತಳು.

"ಹೂಂ, ಹೊಡೀರಿನ್ನ," ಎಂದಳು ಗಂಡನಿಗೆ, "ಘಟ್ಟದ ಮ್ಯಾಲ ನನಗೂ ಹೋಗಬೇಕಾಗೇದ."