ಕೆಂಪಿಗೆ ಹೆದರಿದ ಅತಿಥಿ

"ಟೂ ರೆಡ್!" ಎಂದು ಆ ಜರ್ಮನ್ ಅತಿಥಿ ಬದನೆಕಾಯಿ ಎಣ್ಣೆಗಾಯಿಯನ್ನು ಪಕ್ಕಕ್ಕೆ ಸರಿಸಿದಾಗ ಗಂಗವ್ವನ ಮುಖ ಬಾಡಿತು. ಬ್ಯಾಡಗಿಯ ಅವಳ ಖಾನಾವಳಿಗೆ ಬಂದ ಮೊದಲ ಫಾರಿನ್ ಗೆಸ್ಟ್ ಅವನು. ಊಟ ಹಿಡಿಸಿದರೆ, ರಾಣೆಬೆನ್ನೂರಿನ ಕೃಷ್ಣಮೃಗ ನೋಡಲು ಬರುವವರನ್ನೆಲ್ಲ ಹೈವೇ ಹೋಟೆಲ್ ಬಿಟ್ಟು ಇಲ್ಲಿಗೇ ಕರೆತರುತ್ತೇನೆಂದು ಅವನ ಜೊತೆ ಬಂದಿದ್ದ ಗೈಡ್ ಮಾತು ಕೊಟ್ಟಿದ್ದ. ಗೈಡ್ ಇದ್ದರೂ, ತನ್ನ ಕಡೆಯಿಂದ ಇಂಗ್ಲಿಷಿಗೆಂದು ಪಕ್ಕದ ಮನೆಯ ನನ್ನನ್ನು ಗಂಗವ್ವ ಕರೆಸಿದ್ದಳು.

ನಮ್ಮ ಒಣಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾನು ಎಕ್ಸ್‌ಪ್ಲೇನ್ ಮಾಡುವಷ್ಟರಲ್ಲಿ ಅವನು ಹಸಿಮೆಣಸಿನಕಾಯಿ ಚಟ್ನಿಯನ್ನು ಪುದೀನವೆಂದುಕೊಂಡು ಚಮಚದ ತುಂಬ ಬಾಯಿಗಿಟ್ಟ.

ಕಣ್ಣು, ಮೂಗು ಒಟ್ಟಿಗೇ ಸುರಿದವು. "ಅಯ್ಯ ಶಿವನ, ನನ್ನ ಖಾನಾವಳಿ ಮುಳಗಿತಲ್ರಿ ಬಾಯಾರ!" ಎಂದು ನನಗೆ ಹೇಳುತ್ತ ಗಂಗವ್ವ ಅವನ ತಾಟಿಗೆ ಗಟ್ಟಿ ಮೊಸರು ಸುರಿದಳು. ಆಮೇಲೆ ಗದರಿದಳು: "ಇನ್ನರ ಆ ಕೆಂಪಂದು ತಿನ್ನೋ ತಮ್ಮಾ, ಬಾಯಿ ತಣ್ಣಗಾಗ್ತೈತಿ!"

ನಾನು ಅದನ್ನೇ ಟ್ರಾನ್ಸ್‌ಲೇಟ್ ಮಾಡಿದೆ. ಅವನು ಹೆದರುತ್ತಲೇ ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದ. ಸ್ವಲ್ಪ ಹೊತ್ತಿಗೆ ತಾಟು ಮುಂದೆ ಚಾಚಿ, "ಮೋರ್ ರೆಡ್, ಪ್ಲೀಸ್" ಎಂದ. ಮುಂದಿನ ವಾರ ಗಾಡಿಯಲ್ಲಿ ಬರುವ ಪ್ರವಾಸಿಗರಿಗೂ ಇಲ್ಲೇ ಊಟವೆಂದು ಗೈಡ್ ಅಲ್ಲೇ ಹೇಳಿಬಿಟ್ಟ.

ರೆಡ್ ಮೀನ್ಸ್ ಡೇಂಜರ್ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಬ್ಯಾಡಗಿಯ ಹುಡುಗಿಯಾಗಿ ಅಂದೇ ಎದ್ದು ನಿಂತು "ನೋ, ಸಿಸ್ಟರ್" ಎನ್ನಬೇಕಿತ್ತು. ಈಗ ಹೇಳೋಣವೆಂದರೆ ಸಿಸ್ಟರ್ ಇಲ್ಲ.